24 ಪದಗಳ ಎದುರು ಮನೆಯಲ್ಲೇ ಮಾಡಿದ ಬ್ರೆಡ್ಡು

1970ರ ದಶಕ. ಇಲಿನಾಯ್ ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡ್. ಶಾಸನಸಭೆಯ ಕಟ್ಟಡಕ್ಕೆ ಹೆಂಗಸರ ಗುಂಪೊಂದು ಬಂದಿದೆ. ಇಸ್ತ್ರಿ ಮಾಡಿದ ಉಡುಪು, ಒಪ್ಪವಾಗಿ ಬಾಚಿದ ತಲೆ. ಕೂಗಾಟವಿಲ್ಲ, ಧಿಕ್ಕಾರವಿಲ್ಲ. ಕೈಯಲ್ಲಿ ಇರುವುದು ಮನೆಯಲ್ಲೇ ಮಾಡಿದ ಬ್ರೆಡ್ಡು, ಹಣ್ಣಿನ ಜಾಮು. ಒಬ್ಬೊಬ್ಬ ಶಾಸಕನ ಕೈಗೂ ನಗುನಗುತ್ತಾ ಒಂದೊಂದು ಪೊಟ್ಟಣ. ಜತೆಗೊಂದು ಚೀಟಿ: ಬ್ರೆಡ್ ಸಂಪಾದಿಸುವವರಿಗೆ, ಬ್ರೆಡ್ ಮಾಡುವವರಿಂದ. ಬೇಡಿಕೆ ಒಂದೇ. ಮಹಿಳೆಯರಿಗೆ ಸಮಾನ ಹಕ್ಕು ಕೊಡುವ ತಿದ್ದುಪಡಿಗೆ ದಯವಿಟ್ಟು ಮತ ಹಾಕಬೇಡಿ.

ಹೌದು, ಹಾಕಬೇಡಿ ಎಂದೇ. ಕೇಳುತ್ತಿದ್ದವರೂ ಹೆಂಗಸರೇ.

ಈ ವಿಚಿತ್ರ ಯುದ್ಧದ ಕತೆಯನ್ನು ಹೇಳುವ ಟಿ.ವಿ. ಸರಣಿ ‘ಮಿಸೆಸ್ ಅಮೆರಿಕ’. ಒಂಬತ್ತು ಕಂತುಗಳ ಇದು 2020ರ ಏಪ್ರಿಲ್ 15ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ಕೊರೊನಾ ಕಾರಣಕ್ಕೆ ಜಗತ್ತೇ ಬಾಗಿಲು ಹಾಕಿಕೊಂಡು ಕುಳಿತಿದ್ದ, ಮೂರು ಹೊತ್ತಿನ ಅಡುಗೆ, ಪಾತ್ರೆ, ಮಕ್ಕಳ ಆನ್‌ಲೈನ್ ಪಾಠವೆಲ್ಲ ಒಬ್ಬರದೇ ತಲೆಯ ಮೇಲೆ ಬಿದ್ದಿದ್ದ ದಿನಗಳವು. ಗೃಹಿಣಿಯ ರಾಜಕೀಯದ ಕುರಿತ ಧಾರಾವಾಹಿಗೆ ಇದಕ್ಕಿಂತ ಚುಚ್ಚುವ ಮುಹೂರ್ತ ಸಿಗುತ್ತಿರಲಿಲ್ಲ. ಸೃಷ್ಟಿಸಿದವರು ಡಾವಿ ವಾಲರ್. ಇದಕ್ಕೂ ಮುಂಚೆ ‘ಮ್ಯಾಡ್ ಮೆನ್’ ಸರಣಿಗೆ ಬರೆದಿದ್ದವರು. ಆ ಬ್ರೆಡ್ಡಿನ ಹೆಂಗಸರ ಮುಂದಾಳು, ನಾಯಕಿ ಅನ್ನಬೇಕೋ ಖಳನಾಯಕಿ ಅನ್ನಬೇಕೋ ತಿಳಿಯದ ಫಿಲಿಸ್ ಶ್ಲಾಫ್ಲಿಯ ಪಾತ್ರದಲ್ಲಿ ಕೇಟ್ ಬ್ಲಾಂಚೆಟ್.

ಜಗಳಕ್ಕೆ ಕಾರಣವಾದ, ಸಂವಿಧಾನದ ‘ಸಮಾನ ಹಕ್ಕು ತಿದ್ದುಪಡಿ’ಯ (ಇಆರ್‌ಎ) ಮುಖ್ಯ ವಾಕ್ಯ ಇಂಗ್ಲಿಷಿನಲ್ಲಿ ಬರೀ 24 ಪದ. ಕಾನೂನಿನ ಅಡಿಯಲ್ಲಿ ಸಿಗಬೇಕಾದ ಸಮಾನ ಹಕ್ಕನ್ನು ಹೆಣ್ಣು ಅಥವಾ ಗಂಡು ಎಂಬ ಕಾರಣಕ್ಕೆ ಅಮೆರಿಕ ಸರ್ಕಾರವಾಗಲಿ, ಯಾವುದೇ ರಾಜ್ಯವಾಗಲಿ ನಿರಾಕರಿಸುವಂತಿಲ್ಲ, ಮೊಟಕು ಮಾಡುವಂತಿಲ್ಲ ಎಂಬುದು ಅದರ ಸಾರ. ಮತದಾನದ ಹಕ್ಕಿಗಾಗಿ ಜೈಲು ಕಂಡಿದ್ದ ಆಲಿಸ್ ಪಾಲ್ ಇದರ ಹಿಂದಿದ್ದವರು. ಸಂಸತ್ತಿನಲ್ಲಿ ಮೊದಲು ಮಂಡನೆಯಾದದ್ದು 1923ರಲ್ಲಿ. ಮುಂದಿನ ಸುಮಾರು ಐವತ್ತು ವರ್ಷ ಅದು ಕಡತದಲ್ಲೇ ಕೊಳೆಯಿತು. 1971ರಲ್ಲಿ ಪ್ರತಿನಿಧಿ ಸಭೆ 354–24 ಮತಗಳಿಂದ, 1972ರ ಮಾರ್ಚ್ 22ರಂದು ಸೆನೆಟ್ 84–8 ಮತಗಳಿಂದ ಅಂಗೀಕರಿಸಿದವು. ಅಧ್ಯಕ್ಷ ನಿಕ್ಸನ್ ಬೆಂಬಲಿಸಿದ್ದರು. ರಿಪಬ್ಲಿಕನ್ ಪಕ್ಷವಂತೂ 1940ರಿಂದಲೇ ತನ್ನ ಪ್ರಣಾಳಿಕೆಯಲ್ಲಿ ಇದನ್ನು ಹೊತ್ತು ತಿರುಗುತ್ತಿತ್ತು. ಇನ್ನು ಉಳಿದದ್ದು ರಾಜ್ಯಗಳ ಒಪ್ಪಿಗೆ. 50ರಲ್ಲಿ 38 ರಾಜ್ಯಗಳು ಒಪ್ಪಬೇಕು, ಅದಕ್ಕೆ ಏಳು ವರ್ಷ ಗಡುವು. ಸೆನೆಟ್ ಒಪ್ಪಿದ ದಿನವೇ ಹವಾಯಿ ಮುದ್ರೆ ಒತ್ತಿತು. 1973 ಮುಗಿಯುವ ಹೊತ್ತಿಗೆ ಮೂವತ್ತು ರಾಜ್ಯಗಳು ಸಾಲಿನಲ್ಲಿದ್ದವು. ಕೈಗೆ ಬಂದ ತುತ್ತು ಅನ್ನುತ್ತೇವಲ್ಲ, ಹಾಗೆ.

ಬಾಯಿಗೆ ಮಾತ್ರ ಬರಲಿಲ್ಲ.

ಫಿಲಿಸ್ ಶ್ಲಾಫ್ಲಿ ಹುಟ್ಟಿದ್ದು 1924ರಲ್ಲಿ, ಸೇಂಟ್ ಲೂಯಿಸ್‌ನಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಬಂದೂಕಿನ ಗುಂಡು ಹಾರಿಸಿ ಪರೀಕ್ಷಿಸುವ ಕೆಲಸ. ಆ ದುಡ್ಡಿನಲ್ಲಿ ಹಗಲು ಕಾಲೇಜು. ಆಮೇಲೆ ರ‍್ಯಾಡ್‌ಕ್ಲಿಫ್‌ನಲ್ಲಿ ಸ್ನಾತಕೋತ್ತರ ಪದವಿ, ಸ್ಥಿತಿವಂತ ವಕೀಲ ಫ್ರೆಡ್‌ನೊಂದಿಗೆ ಮದುವೆ, ಆರು ಮಕ್ಕಳು. ನಡುವೆ ಎರಡು ಬಾರಿ ಸಂಸತ್ತಿಗೆ ಸ್ಪರ್ಧಿಸಿ ಸೋತಳು. 1964ರಲ್ಲಿ ತಾನೇ ಅಚ್ಚು ಹಾಕಿಸಿದ ಚುನಾವಣಾ ಪುಸ್ತಕವೊಂದು 30 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಅಣ್ವಸ್ತ್ರಗಳ ವಿಷಯದಲ್ಲಿ ಆಕೆಗಿದ್ದ ತಿಳಿವಳಿಕೆ ಎಷ್ಟೋ ಸಂಸದರಿಗೆ ಇರಲಿಲ್ಲ. ‘ಹೆಣ್ಣಿಗೆ ಮನೆಯೇ ಸ್ವರ್ಗ’ ಎಂದು ಊರೂರು ಸುತ್ತಿ ಭಾಷಣ ಮಾಡಿದ ಈಕೆ ಮನೆಯಲ್ಲಿ ಇರುತ್ತಿದ್ದದ್ದು ಯಾವಾಗ ಎಂಬುದು ಎದುರಾಳಿಗಳ ಖಾಯಂ ಕುಟುಕು. ಆಕೆಯದ್ದೂ ಒಂದು ಖಾಯಂ ಉತ್ತರವಿತ್ತು. ಭಾಷಣ ಶುರು ಮಾಡುವಾಗ, ಇಲ್ಲಿಗೆ ಬರಲು ಅನುಮತಿ ಕೊಟ್ಟ ನನ್ನ ಗಂಡನಿಗೆ ಧನ್ಯವಾದ ಅನ್ನುವುದು. ಸ್ತ್ರೀವಾದಿಗಳಿಗೆ ಮೈ ಉರಿಯಲಿ ಎಂದೇ ಹಾಗೆ ಹೇಳುತ್ತಿದ್ದಳು. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ.

ಸರಣಿಯ ಮೊದಲ ದೃಶ್ಯದಲ್ಲಿ ಫಿಲಿಸ್ ಅಮೆರಿಕದ ಬಾವುಟದ ಬಣ್ಣದ ಈಜುಡುಗೆ ತೊಟ್ಟು ವೇದಿಕೆಯ ಮೇಲೆ ನಡೆಯುತ್ತಾಳೆ. ಒಬ್ಬ ರಾಜಕಾರಣಿಗೆ ಚಂದಾ ಎತ್ತುವ ಕಾರ್ಯಕ್ರಮವದು. ಮುಖದಲ್ಲಿ ನಗು, ಕಣ್ಣಲ್ಲಿ ಲೆಕ್ಕಾಚಾರ. ಅದೇ ಕಂತಿನಲ್ಲಿ ಇನ್ನೊಂದು ದೃಶ್ಯವಿದೆ, ನಾನು ಎರಡು ಸಲ ಹಿಂದಕ್ಕೆ ಹೋಗಿ ನೋಡಿದ್ದು. ವಾಷಿಂಗ್ಟನ್ನಿನಲ್ಲಿ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಕಚೇರಿ. ಸುತ್ತ ಗಂಡಸರು. ಫಿಲಿಸ್ ಕ್ಷಿಪಣಿ ಒಪ್ಪಂದದ ಬಗ್ಗೆ ನಿರರ್ಗಳ ಮಾತಾಡಲು ಸಿದ್ಧಳಾಗಿ ಬಂದಿದ್ದಾಳೆ. ಅಷ್ಟರಲ್ಲಿ ಟಿಪ್ಪಣಿ ಬರೆದುಕೊಳ್ಳಲು ಯಾರಾದರೂ ಬೇಕಲ್ಲ ಎಂಬ ಮಾತು ಬರುತ್ತದೆ. ಎಲ್ಲರಿಗಿಂತ ಅಕ್ಷರ ಚೆನ್ನಾಗಿರುವುದು ಫಿಲಿಸಳದ್ದೇ ಇರಬೇಕು ಅನ್ನುತ್ತಾರೆ. ಬ್ಲಾಂಚೆಟ್ ಆಗ ಏನೂ ಮಾಡುವುದಿಲ್ಲ. ಮುಖದ ಮೇಲಿನ ನಗು ಇದ್ದಲ್ಲೇ ಇರುತ್ತದೆ, ಆದರೆ ಅದರ ಹಿಂದಿನ ದೀಪ ಆರಿರುತ್ತದೆ. ಸಭೆಯಲ್ಲಿ ಒಬ್ಬಳೇ ಹೆಂಗಸಿದ್ದರೆ ನಡಾವಳಿ ಬರೆಯುವ, ಕಾಫಿಗೆ ಹೇಳುವ ಕೆಲಸ ಯಾರ ಪಾಲಿಗೆ ಬರುತ್ತದೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಕ್ಷಿಪಣಿಯ ಬಗ್ಗೆ ಮಾತಾಡಿದರೆ ಕೇಳುವವರಿಲ್ಲ, ಹೆಂಗಸರ ಬಗ್ಗೆ ಮಾತಾಡಿದರೆ ಎಲ್ಲರೂ ಕೇಳುತ್ತಾರೆ. ಅದು ಗೊತ್ತಾದ ಮೇಲೆ ಫಿಲಿಸ್ ದಾರಿ ಬದಲಿಸುತ್ತಾಳೆ ಎಂಬುದು ಸರಣಿಯ ವಾದ. ನಿಜಜೀವನದಲ್ಲಿ 1972ರ ಫೆಬ್ರುವರಿಯ ತನ್ನ ಮಾಸಿಕ ಪತ್ರದಲ್ಲಿ ಆಕೆ ಈ ತಿದ್ದುಪಡಿಯ ವಿರುದ್ಧ ಮೊದಲ ಬಾರಿಗೆ ಬರೆದಳು. ಅದೇ ವರ್ಷ ‘ಸ್ಟಾಪ್ ಇಆರ್‌ಎ’ ಚಳವಳಿ ಹುಟ್ಟಿತು. ಸ್ಟಾಪ್ ಎಂಬುದಕ್ಕೆ ‘ನಮ್ಮ ಸವಲತ್ತು ಕಸಿಯುವುದನ್ನು ನಿಲ್ಲಿಸಿ’ ಎಂಬ ವಿಸ್ತರಣೆ. ಗಮನಿಸಿ, ಹಕ್ಕು ಅನ್ನಲಿಲ್ಲ, ಸವಲತ್ತು ಅಂದಳು. ಸಮಾನತೆ ಬಂದರೆ ನಿಮ್ಮ ಹೆಣ್ಣುಮಕ್ಕಳನ್ನು ಸೈನ್ಯಕ್ಕೆ ಕಡ್ಡಾಯವಾಗಿ ಸೇರಿಸುತ್ತಾರೆ, ವಿಯೆಟ್ನಾಂಗೆ ಕಳಿಸುತ್ತಾರೆ. ವಿಧವೆಗೆ ಬರುವ ಪಿಂಚಣಿ ಹೋಗುತ್ತದೆ. ಗಂಡ ಹೆಂಡತಿಯನ್ನು ಸಾಕಬೇಕೆಂಬ ಕಾನೂನು ಹೋಗುತ್ತದೆ. ಗಂಡಸರಿಗೂ ಹೆಂಗಸರಿಗೂ ಒಂದೇ ಶೌಚಾಲಯ ಬರುತ್ತದೆ. ಹೀಗೆ ಹೊಸ ಹೊಸ ಗುಮ್ಮಗಳು.

ಎಲ್ಲವೂ ಗುಮ್ಮ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಈ ತಿದ್ದುಪಡಿಯ ಹಳೆಯ ವಿರೋಧಿಗಳಲ್ಲಿ ಎಲಿನಾರ್ ರೂಸ್‌ವೆಲ್ಟ್ ಕೂಡ ಇದ್ದರು, ಕಾರ್ಮಿಕ ಸಂಘಗಳೂ ಇದ್ದವು. ಕಾರ್ಖಾನೆಯಲ್ಲಿ ಹೆಂಗಸರ ದುಡಿಮೆಗೆ ಇಷ್ಟೇ ಗಂಟೆ ಎಂದು ಹೋರಾಡಿ ಪಡೆದ ರಕ್ಷಣೆಗಳು ಸಮಾನತೆಯ ಹೆಸರಿನಲ್ಲಿ ಕೊಚ್ಚಿಹೋದಾವು ಎಂಬುದು ಅವರ ಭಯ. ಇಲ್ಲಿ ನಮ್ಮ ಸಂವಿಧಾನ ನೆನಪಾಗದೆ ಇರದು. 15ನೇ ವಿಧಿ ಲಿಂಗದ ಕಾರಣಕ್ಕೆ ತಾರತಮ್ಯ ಮಾಡಬಾರದು ಅನ್ನುತ್ತದೆ. ಅದರದ್ದೇ ಮೂರನೇ ಖಂಡ, ಆದರೂ ಮಹಿಳೆಯರಿಗೂ ಮಕ್ಕಳಿಗೂ ವಿಶೇಷ ಅವಕಾಶ ಕಲ್ಪಿಸಲು ಸರ್ಕಾರಕ್ಕೆ ಅಡ್ಡಿಯಿಲ್ಲ ಅನ್ನುತ್ತದೆ. ಅಮೆರಿಕ ಅರ್ಧ ಶತಮಾನ ಒದ್ದಾಡಿದ ಗಂಟಿಗೆ 1950ರಲ್ಲೇ ಎರಡು ಸಾಲಿನಲ್ಲಿ ದಾರಿ ಮಾಡಿಟ್ಟಿದ್ದರು. ನಮ್ಮಲ್ಲಿ ಅದು ಎಷ್ಟರಮಟ್ಟಿಗೆ ಮನೆಯೊಳಗೆ ಇಳಿದಿದೆ ಎಂಬುದು ಬೇರೆ ಮಾತು, ಬಿಡಿ.

ಇನ್ನು ‘ಗಂಡ ಸಾಕಬೇಕೆಂಬ ಕಾನೂನು’. 1953ರಲ್ಲಿ ನೆಬ್ರಾಸ್ಕಾ ರಾಜ್ಯದ ಸುಪ್ರೀಂ ಕೋರ್ಟಿನ ಮುಂದೆ ಒಂದು ಪ್ರಕರಣ ಬಂದಿತ್ತು. ಗಂಡ ಜಮೀನ್ದಾರ, ಕೈತುಂಬ ಆಸ್ತಿ. ಅರವತ್ತು ದಾಟಿದ ಹೆಂಡತಿಗೆ ಕೈಖರ್ಚಿಗೆ ಕಾಸಿಲ್ಲ. ಮನೆಯಲ್ಲಿ ಬಚ್ಚಲಿಲ್ಲ, ಒಳಗೆ ಶೌಚಾಲಯವಿಲ್ಲ, ಅಡುಗೆಮನೆಯಲ್ಲಿ ಸಿಂಕ್ ಇಲ್ಲ. ಕೋಳಿ ಸಾಕಿ ಬಂದ ದುಡ್ಡಿನಲ್ಲಿ ಆಕೆ ತನ್ನ ಬಟ್ಟೆಬರೆ ನೋಡಿಕೊಳ್ಳುತ್ತಿದ್ದಳು. ಕೆಳ ನ್ಯಾಯಾಲಯ ಆಕೆಯ ಪರ ತೀರ್ಪು ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು: ಗಂಡ ಹೆಂಡತಿ ಒಂದೇ ಸೂರಿನಡಿ ಇರುವತನಕ ಸಂಸಾರ ಹೇಗೆ ನಡೆಸಬೇಕೆಂದು ಹೇಳುವುದು ಕೋರ್ಟಿನ ಕೆಲಸವಲ್ಲ. ಅಂದರೆ ಆ ಸವಲತ್ತು ಸಿಗಬೇಕಾದರೆ ಹೆಂಡತಿ ಮೊದಲು ಮನೆ ಬಿಟ್ಟು ಹೊರಡಬೇಕು. ಫಿಲಿಸ್ ಕಾಪಾಡಲು ಹೊರಟ ಕೋಟೆಯ ಗೋಡೆ ಇಷ್ಟು ಗಟ್ಟಿ. ಇದೇ ನೆಬ್ರಾಸ್ಕಾ, ತಿದ್ದುಪಡಿಗೆ ಕೊಟ್ಟ ಒಪ್ಪಿಗೆಯನ್ನು 1973ರಲ್ಲಿ ವಾಪಸು ಪಡೆಯಿತು. ಇನ್ನೂ ನಾಲ್ಕು ರಾಜ್ಯಗಳು ಅದೇ ದಾರಿ ಹಿಡಿದವು.

ಸರಣಿ ಗೆಲ್ಲುವುದು ಕೆಲಸವನ್ನು ತೋರಿಸುವುದರಲ್ಲಿ. ರಾಜಕೀಯದ ಸಿನಿಮಾಗಳಲ್ಲಿ ಸಾಮಾನ್ಯವಾಗಿ ಭಾಷಣ ಇರುತ್ತದೆ, ಒಳಸಂಚು ಇರುತ್ತದೆ. ಇಲ್ಲಿ ಊಟದ ಮೇಜಿನ ಮೇಲೆ ಪತ್ರಗಳ ರಾಶಿ ಇದೆ, ಅಂಚೆಚೀಟಿ ಇದೆ, ವಿಳಾಸಗಳ ಪಟ್ಟಿ ಇದೆ, ಒಬ್ಬಳು ಐದು ಜನರಿಗೆ, ಆ ಐವರು ಇನ್ನೈವರಿಗೆ ಮಾಡುವ ಫೋನು ಇದೆ. ಕ್ಯಾಥೊಲಿಕ್ ಫಿಲಿಸ್ ತನ್ನ ಜತೆ ಬ್ಯಾಪ್ಟಿಸ್ಟರನ್ನೂ ಮಾರ್ಮನ್ನರನ್ನೂ ಕೂರಿಸಿಕೊಂಡಳು. ಅಲ್ಲಿಯವರೆಗೆ ಒಬ್ಬರ ಮನೆಯ ನೀರು ಒಬ್ಬರು ಕುಡಿಯದಂಥ ಪಂಗಡಗಳವು. ಟಿ.ವಿ.ಯಲ್ಲಿ ಹೇಗೆ ಮಾತಾಡಬೇಕು, ಕೆಣಕಿದರೆ ಹೇಗೆ ನಗಬೇಕು ಎಂದು ಗೃಹಿಣಿಯರಿಗೆ ತರಬೇತಿ ಕೊಟ್ಟಳು. ಮಕ್ಕಳ ಹುಟ್ಟುಹಬ್ಬ, ಚರ್ಚಿನ ಊಟ, ಶಾಲೆಯ ವಾರ್ಷಿಕೋತ್ಸವ ನಡೆಸಿ ನಡೆಸಿ ಆ ಹೆಂಗಸರಿಗೆ ಸಂಘಟನೆ ಮೊದಲೇ ಕರಗತವಾಗಿತ್ತು. ಅದಕ್ಕೆ ರಾಜಕೀಯ ಅಂತ ಹೆಸರಿಟ್ಟಿರಲಿಲ್ಲ, ಅಷ್ಟೆ. ಹೆಣ್ಣು ಮನೆಯಲ್ಲಿದ್ದರೆ ಸಾಕು ಎಂದು ಸಾರುವ ಚಳವಳಿಯಲ್ಲೇ ಸಾವಿರಾರು ಹೆಂಗಸರು ಮೊದಲ ಬಾರಿಗೆ ಮನೆಯಿಂದ ಆಚೆ ಬಂದರು.

ಎದುರು ಪಾಳೆಯಕ್ಕೆ ಸರಣಿ ಒಬ್ಬೊಬ್ಬರಿಗೆ ಒಂದೊಂದು ಕಂತು ಮೀಸಲಿಟ್ಟಿದೆ. ಸ್ತ್ರೀವಾದಿ ಪತ್ರಕರ್ತೆ ಗ್ಲೋರಿಯಾ ಸ್ಟೈನೆಮ್ ಆಗಿ ರೋಸ್ ಬರ್ನ್, ದೊಡ್ಡ ಟೋಪಿಯ ಸಂಸದೆ ಬೆಲ್ಲಾ ಆಬ್ಜಗ್ ಆಗಿ ಮಾರ್ಗೊ ಮಾರ್ಟಿಂಡೇಲ್, ಬೆಟ್ಟಿ ಫ್ರೀಡನ್ ಆಗಿ ಟ್ರೇಸಿ ಉಲ್ಮನ್. 1973ರಲ್ಲಿ ಇಲಿನಾಯ್‌ನ ವಿಶ್ವವಿದ್ಯಾಲಯವೊಂದರ ಚರ್ಚೆಯಲ್ಲಿ ಫ್ರೀಡನ್ ತಾಳ್ಮೆ ಕಳೆದುಕೊಂಡು, ಫಿಲಿಸಳನ್ನು ಕಂಬಕ್ಕೆ ಕಟ್ಟಿ ಸುಡಬೇಕು ಅಂದುಬಿಟ್ಟಿದ್ದರು. ಫಿಲಿಸ್ ಸಿಟ್ಟಾಗಲಿಲ್ಲ. ಸಿಟ್ಟಾಗದೆ ಇರುವುದೇ ಆಕೆಯ ಆಯುಧ. ಉಲ್ಮನ್ ಆ ದೃಶ್ಯದಲ್ಲಿ, ಚಳವಳಿಯನ್ನು ಹುಟ್ಟುಹಾಕಿ ಅದರಿಂದಲೇ ಮೂಲೆಗುಂಪಾದ ಹೆಂಗಸಿನ ಹತಾಶೆಯನ್ನು ಸುರಿದುಬಿಡುತ್ತಾರೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮೂರನೇ ಕಂತು, ಶರ್ಲಿ ಚಿಸಂ ಅವರದ್ದು. 1968ರಲ್ಲಿ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ. 1972ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ನಿಂತರು. ಕಪ್ಪು ಗಂಡಸರಿಗೆ ಆಕೆ ಹೆಂಗಸು, ಬಿಳಿ ಹೆಂಗಸರಿಗೆ ಆಕೆ ಗೆಲ್ಲದ ಕುದುರೆ. ಮಯಾಮಿ ಬೀಚ್‌ನ ಅಧಿವೇಶನದಲ್ಲಿ ಕಣದಿಂದ ಹಿಂದೆ ಸರಿಯಿರಿ ಎಂದು ಒತ್ತಡ ತಂದವರಲ್ಲಿ ಗೆಳತಿಯರೂ ಇದ್ದರು. ಕೊನೆತನಕ ನಿಂತ ಆಕೆಗೆ 150ಕ್ಕೂ ಹೆಚ್ಚು ಪ್ರತಿನಿಧಿಗಳ ಮತ ಬಂದವು. ಎಲ್ಲರೂ ಬುದ್ಧಿ ಹೇಳುತ್ತಿದ್ದಾಗ ಸುಮ್ಮನೆ ಕುಳಿತು ಕೇಳುವ, ಚಿಸಂ ಪಾತ್ರದ ಉಜೋ ಅಡೂಬಾ ಅವರ ಬೆನ್ನಿನ ನೇರವನ್ನು ನೋಡಬೇಕು. 2020ರ ಎಮ್ಮಿ ಪ್ರಶಸ್ತಿ ಅವರಿಗೆ ಬಂತು. ಹತ್ತು ನಾಮನಿರ್ದೇಶನಗಳಲ್ಲಿ ಸರಣಿಗೆ ದಕ್ಕಿದ್ದು ಅದೊಂದೇ.

ಸರಣಿಯಲ್ಲಿ ಇಲ್ಲದ, ಆದರೆ ಕನ್ನಡದ ಓದುಗರಿಗೆ ಹೇಳಲೇಬೇಕಾದ ಒಂದು ಎಳೆ ಸ್ಟೈನೆಮ್ ಅವರ ಬದುಕಿನಲ್ಲಿದೆ. 1950ರ ದಶಕದ ಕೊನೆಯಲ್ಲಿ, ಕಾಲೇಜು ಮುಗಿಸಿದ ಹುಡುಗಿಯಾಗಿ ಅವರು ಭಾರತಕ್ಕೆ ಬಂದಿದ್ದರು. ದೆಹಲಿಯ ಮಿರಾಂಡಾ ಹೌಸ್‌ನಲ್ಲಿ ಇದ್ದರು. ಜಾತಿಗಲಭೆಯಿಂದ ಬೆಂದಿದ್ದ ತಮಿಳುನಾಡಿನ ರಾಮನಾಥಪುರ ಸೀಮೆಯ ಹಳ್ಳಿಗಳಲ್ಲಿ ಗಾಂಧಿವಾದಿಗಳ ಜತೆ ನಡೆದರು. ಜನರನ್ನು ಸುತ್ತ ಕೂರಿಸಿಕೊಂಡು ಅವರ ಮಾತನ್ನು ಮೊದಲು ಕೇಳುವ ಪಾಠವನ್ನು ಅಲ್ಲೇ ಕಲಿತೆ ಎಂದು ಆತ್ಮಕಥನದಲ್ಲಿ ಬರೆದಿದ್ದಾರೆ. ಆ ದಿನಗಳಲ್ಲಿ ದೆಹಲಿಯಲ್ಲಿ ಸಿಕ್ಕ ಗೆಳತಿ ದೇವಕಿ ಜೈನ್, ನಮ್ಮ ಮೈಸೂರಿನ ಹೆಣ್ಣುಮಗಳು, ಮೈಸೂರು ಸಂಸ್ಥಾನದ ಮಂತ್ರಿಯಾಗಿದ್ದ ಎಂ.ಎ. ಶ್ರೀನಿವಾಸನ್ ಅವರ ಪುತ್ರಿ, ಮುಂದೆ ಹೆಸರಾಂತ ಅರ್ಥಶಾಸ್ತ್ರಜ್ಞೆ. ವರ್ಷಗಳ ನಂತರ ಈ ಇಬ್ಬರು ಗೆಳತಿಯರು ಸ್ವಾತಂತ್ರ್ಯ ಹೋರಾಟಗಾರ್ತಿ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರ ಮುಂದೆ ಕುಳಿತರು. ಗಾಂಧಿಯ ತಂತ್ರಗಳು ಮಹಿಳಾ ಚಳವಳಿಗೆ ಹೇಗೆ ಒದಗಬಹುದು ಎಂದು ತಿಳಿಯುವ ಆಸೆ. ಕಮಲಾದೇವಿ ಸಾವಧಾನವಾಗಿ ಕೇಳಿಸಿಕೊಂಡು, ಅವರಿಗೆ ಅದನ್ನೆಲ್ಲ ಕಲಿಸಿದ್ದೇ ನಾವಲ್ಲವೇನಮ್ಮ ಎಂಬರ್ಥದ ಉತ್ತರ ಕೊಟ್ಟರಂತೆ. ನ್ಯೂಯಾರ್ಕಿನ ಪತ್ರಿಕಾ ಕಚೇರಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತ ರೋಸ್ ಬರ್ನ್ ಅವರನ್ನು ನೋಡುವಾಗೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತಿತ್ತು.

ಎಂಟನೇ ಕಂತು ಹ್ಯೂಸ್ಟನ್. 1977ರ ನವೆಂಬರಿನಲ್ಲಿ ಅಲ್ಲಿ ನಡೆದ ರಾಷ್ಟ್ರೀಯ ಮಹಿಳಾ ಸಮ್ಮೇಳನಕ್ಕೆ ಸರ್ಕಾರವೇ 50 ಲಕ್ಷ ಡಾಲರ್ ಕೊಟ್ಟಿತ್ತು. ಅಮೆರಿಕದ ಮೊದಲ ಮಹಿಳಾ ಹಕ್ಕುಗಳ ಸಮಾವೇಶ ನಡೆದಿದ್ದ ಸೆನೆಕಾ ಫಾಲ್ಸ್‌ನಲ್ಲಿ ಹೊತ್ತಿಸಿದ ಪಂಜನ್ನು ಓಟಗಾರ್ತಿಯರು ಕೈಯಿಂದ ಕೈಗೆ ದಾಟಿಸುತ್ತಾ ತಂದರು. ಸುಮಾರು 2,000 ಪ್ರತಿನಿಧಿಗಳು. ವೇದಿಕೆಯ ಮೇಲೆ ಮೂವರು ಅಧ್ಯಕ್ಷರ ಪತ್ನಿಯರು. ಅದೇ ಊರಿನ ಇನ್ನೊಂದು ತುದಿಯಲ್ಲಿ ಫಿಲಿಸಳ ಪ್ರತಿಸಭೆ, ಅಲ್ಲೂ ಸಾವಿರಾರು ಜನ. ಸರಣಿಯ ಕ್ಯಾಮೆರಾ ಎರಡೂ ಕಡೆಯ ನಾಯಕಿಯರನ್ನು ಬಿಟ್ಟು ಆಲಿಸ್ ಎಂಬಾಕೆಯ ಹಿಂದೆ ಹೋಗುತ್ತದೆ. ಆಕೆ ಫಿಲಿಸಳ ನೆರೆಮನೆಯ ಗೆಳತಿ, ಬರಹಗಾರರು ಕಲ್ಪಿಸಿಕೊಂಡ ಪಾತ್ರ. ನಟಿಸಿದವರು ಸಾರಾ ಪಾಲ್ಸನ್. ಯಾರೋ ಕೊಟ್ಟ ಮಾತ್ರೆ, ಮೇಲೊಂದು ಲೋಟ ಮದ್ಯ. ಆಲಿಸ್ ಅಮಲಿನಲ್ಲಿ ಸಮ್ಮೇಳನದ ಓಣಿಗಳಲ್ಲಿ ಕಳೆದುಹೋಗುತ್ತಾಳೆ. ಅಲ್ಲಿ ಆಕೆ ಹೆದರಿದ್ದ ರಾಕ್ಷಸಿಯರು ಸಿಗುವುದಿಲ್ಲ. ಹಾಡುವವರು, ಹರಟುವವರು, ಅಳುವವರು ಸಿಗುತ್ತಾರೆ. ಕೆಲವರಿಗೆ ಇದು ಬಲವಂತದ ಕಂತು ಅನ್ನಿಸಿದೆ. ನನಗೂ ಆ ಮಾತ್ರೆ ಬೇಡವಾಗಿತ್ತು. ಇಷ್ಟು ವರ್ಷ ಗೆಳತಿಯ ನೆರಳಾಗಿದ್ದ ಹೆಂಗಸು ಎಚ್ಚರದಲ್ಲಿದ್ದೇ ಬೇರೆ ಬಾಗಿಲು ತಟ್ಟಬಲ್ಲಳು.

ಇನ್ನು ಬಿಡುಗಡೆಯ ನಂತರ ಎದ್ದ ತಕರಾರು. ಫಿಲಿಸಳ ಕುಟುಂಬದವರು ಇದನ್ನು ಒಪ್ಪಲಿಲ್ಲ, ಅದು ನಿರೀಕ್ಷಿತವೇ. ಆದರೆ ಸ್ಟೈನೆಮ್ ಕೂಡ ಒಪ್ಪಲಿಲ್ಲ. ಹೋರಾಟದ ಇನ್ನೊಬ್ಬ ಮುಂದಾಳು ಎಲಿನಾರ್ ಸ್ಮೀಲ್ ಜತೆಗೂಡಿ ಪತ್ರಿಕೆಯಲ್ಲಿ ಬರೆದರು. ತಿದ್ದುಪಡಿಯನ್ನು ಕೊಂದದ್ದು ಒಬ್ಬ ಗೃಹಿಣಿಯಲ್ಲ, ವಿಮಾ ಕಂಪನಿಗಳಂಥ ದೊಡ್ಡ ಹಣದ ಕುಳಗಳು. ಹೆಣ್ಣು-ಗಂಡಿಗೆ ಬೇರೆ ಬೇರೆ ದರ ಹಾಕಿ ಲಾಭ ಮಾಡುತ್ತಿದ್ದವರಿಗೆ ಸಮಾನತೆ ದುಬಾರಿಯಾಗಿತ್ತು. ಸರಣಿ ಅದೆಲ್ಲವನ್ನೂ ಜಡೆಜಗಳ ಮಾಡಿಬಿಟ್ಟಿದೆ ಎಂಬುದು ಅವರ ಆಕ್ಷೇಪದ ತಿರುಳು. ಇದರಲ್ಲಿ ಹುರುಳಿದೆ. ಒಂಬತ್ತು ಕಂತು ನೋಡಿದರೂ ‘ಬೇಡ’ ಎಂದು ಗುಂಡಿ ಒತ್ತಿದ ಶಾಸಕರ ಮುಖ ನಮಗೆ ನೆನಪಿನಲ್ಲಿ ಉಳಿಯುವುದಿಲ್ಲ. ಇಲಿನಾಯ್‌ನ ಕತೆಯನ್ನೇ ನೋಡಿ. ಅಲ್ಲಿ ತಿದ್ದುಪಡಿಗೆ ಬಹುಮತ ಒಂದಕ್ಕಿಂತ ಹೆಚ್ಚು ಸಲ ಬಂದಿತ್ತು. ಆದರೆ ಸದನ ತನಗೆ ತಾನೇ ಹಾಕಿಕೊಂಡಿದ್ದ ನಿಯಮದಂತೆ ಐದರಲ್ಲಿ ಮೂರು ಪಾಲು ಬೇಕಿತ್ತು. ಬಹುಮತ ಪಡೆದೂ ಸೋಲುವ ಈ ಚಮತ್ಕಾರಕ್ಕೆ ಬ್ರೆಡ್ಡು ಜಾಮು ಕಾರಣವಲ್ಲ.

ಸರಣಿ ಬಿಟ್ಟ ಇನ್ನೊಂದು ಸಂಗತಿಯೂ ನನಗೆ ಕೊರತೆಯಾಗಿಯೇ ಕಾಣುತ್ತದೆ. 1979ರ ಗಡುವನ್ನು ಸಂಸತ್ತು 1982ರ ಜೂನ್ 30ಕ್ಕೆ ವಿಸ್ತರಿಸಿತ್ತು. ಕೊನೆಯ ವಾರಗಳಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಏಳು ಮಂದಿ ಮಹಿಳೆಯರು ಉಪವಾಸ ಕುಳಿತರು. ಅವರಲ್ಲೊಬ್ಬರು ಸೋನಿಯಾ ಜಾನ್ಸನ್, ತಿದ್ದುಪಡಿಯ ಪರ ನಿಂತದ್ದಕ್ಕೆ 1979ರಲ್ಲಿ ಮಾರ್ಮನ್ ಚರ್ಚು ಹೊರಗಟ್ಟಿದ ಮಹಿಳೆ. ನೀರು ಕುಡಿದು 37 ದಿನ. ಗಾಲಿಕುರ್ಚಿಯಲ್ಲಿ ಸದನಕ್ಕೆ ಬಂದು ಕೂರುತ್ತಿದ್ದರು. ಒಂದು ಕಡೆ ಶಾಸಕರಿಗೆ ತಿನ್ನಲು ತಂದವರು, ಇನ್ನೊಂದು ಕಡೆ ಅದೇ ಕಟ್ಟಡದಲ್ಲಿ ಅನ್ನ ಬಿಟ್ಟವರು. ಕತೆಗಾರರು ಕಲ್ಪಿಸಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು. ಸರಣಿ 1980ರ ಅಧ್ಯಕ್ಷೀಯ ಚುನಾವಣೆಯ ರೇಗನ್ ಗೆಲುವಿಗೇ ನಿಂತುಬಿಡುವುದರಿಂದ ಅದು ಅಲ್ಲಿಲ್ಲ. ಗಡುವು ಮುಗಿದಾಗ 35 ರಾಜ್ಯ. ಬೇಕಿದ್ದದ್ದು ಇನ್ನು ಮೂರು.

ಆದರೂ ಸರಣಿಯ ಕೊನೆಯ ದೃಶ್ಯಕ್ಕಾಗಿ ನಾನು ಬಹಳಷ್ಟನ್ನು ಮನ್ನಿಸುತ್ತೇನೆ. 1980. ರಿಪಬ್ಲಿಕನ್ ಪಕ್ಷ ನಲವತ್ತು ವರ್ಷದ ತನ್ನ ಬೆಂಬಲವನ್ನು ಪ್ರಣಾಳಿಕೆಯಿಂದ ಕಿತ್ತುಹಾಕಿದೆ, ರೇಗನ್ ಗೆದ್ದಿದ್ದಾರೆ. ಇಷ್ಟು ದುಡಿದ ಫಿಲಿಸ್ ಮಂತ್ರಿ ಪದವಿಯ ಕರೆಗೆ ಕಾಯುತ್ತಿದ್ದಾಳೆ. ಈ ಹೊತ್ತಿಗೆ ಕಾನೂನು ಪದವಿಯನ್ನೂ ಮುಗಿಸಿದ್ದಾಳೆ. ಫೋನು ಬರುತ್ತದೆ. ಬಾಯ್ತುಂಬ ಧನ್ಯವಾದ, ಪದವಿ ಇಲ್ಲ. ಫೋನಿಟ್ಟು ಅಡುಗೆಮನೆಗೆ ಹೋಗಿ ಮೇಜಿನ ಮುಂದೆ ಕುಳಿತು ಸೇಬು ಸುಲಿಯತೊಡಗುತ್ತಾಳೆ. ಒಂದು, ಇನ್ನೊಂದು. ಮಾತಿಲ್ಲ. ಕ್ಯಾಮೆರಾ ಕದಲುವುದಿಲ್ಲ. ಬೆಲ್ಜಿಯಂನ ಶಾಂತಾಲ್ ಅಕರ್ಮನ್ 1975ರಲ್ಲಿ ತೆಗೆದ ‘ಜ್ಯಾನ್ ಡಿಲ್ಮನ್’ ಚಿತ್ರದಲ್ಲಿ ಗೃಹಿಣಿಯೊಬ್ಬಳು ಆಲೂಗಡ್ಡೆ ಸುಲಿಯುವ ದೃಶ್ಯವನ್ನು ನೋಡಿದವರಿಗೆ ಇದು ಯಾರಿಗೆ ಮಾಡಿದ ನಮಸ್ಕಾರ ಎಂದು ತಿಳಿಯುತ್ತದೆ. ನೋಡದವರಿಗೂ ಆ ಚಾಕುವಿನ ಸದ್ದು ಸಾಕು. ನಿಜದ ಫಿಲಿಸ್ ಅಡುಗೆಮನೆಯಲ್ಲಿ ಉಳಿದವಳಲ್ಲ. 2016ರಲ್ಲಿ ತೀರಿಕೊಳ್ಳುವವರೆಗೂ ರಾಜಕೀಯ ಬಿಡಲಿಲ್ಲ, ಆಕೆಯ ಅಂತ್ಯಕ್ರಿಯೆಗೆ ಡೊನಾಲ್ಡ್ ಟ್ರಂಪ್ ಬಂದಿದ್ದರು.

ತಿದ್ದುಪಡಿಯೂ ಸಾಯಲಿಲ್ಲ, ಬದುಕಲೂ ಇಲ್ಲ. 2017ರಲ್ಲಿ ನೆವಾಡಾ ಒಪ್ಪಿತು. 2018ರಲ್ಲಿ ಇಲಿನಾಯ್, ಹೌದು, ಅದೇ ಇಲಿನಾಯ್. 2020ರ ಜನವರಿಯಲ್ಲಿ, ಈ ಸರಣಿ ತೆರೆಕಾಣುವ ಮೂರು ತಿಂಗಳ ಮುಂಚೆ, ವರ್ಜೀನಿಯಾ 38ನೆಯದಾಯಿತು. ಗಡುವು ಮುಗಿದ ಮೇಲೆ ಬಂದ ಒಪ್ಪಿಗೆ ನಡೆಯುತ್ತದೆಯೇ, ವಾಪಸು ಪಡೆದ ಐದು ರಾಜ್ಯಗಳನ್ನು ಎಣಿಸಬೇಕೇ ಎಂಬ ವ್ಯಾಜ್ಯ ಆಗ ಜೋರಾಯಿತು. ಅಧಿಕಾರದಿಂದ ಇಳಿಯಲು ಮೂರು ದಿನ ಬಾಕಿ ಇರುವಾಗ, 2025ರ ಜನವರಿ 17ರಂದು, ಅಧ್ಯಕ್ಷ ಬೈಡನ್ ತಮ್ಮ ಮಟ್ಟಿಗೆ ಇದು ಸಂವಿಧಾನದ 28ನೇ ತಿದ್ದುಪಡಿ ಎಂದು ಹೇಳಿಕೆ ಕೊಟ್ಟರು. ತಿದ್ದುಪಡಿಯನ್ನು ಪ್ರಮಾಣೀಕರಿಸಿ ಪ್ರಕಟಿಸಬೇಕಾದದ್ದು ರಾಷ್ಟ್ರೀಯ ದಾಖಲೆಗಳ ಮುಖ್ಯಸ್ಥರು. ಆ ಹುದ್ದೆಯಲ್ಲಿ ಆಗ ಇದ್ದವರೂ ಒಬ್ಬ ಮಹಿಳೆ. ಕಾನೂನು ಪ್ರಕಾರ ತಮಗೆ ಅದು ಸಾಧ್ಯವಿಲ್ಲ ಎಂದು ಅವರು ತಿಂಗಳ ಮುಂಚೆಯೇ ತಿಳಿಸಿದ್ದರು. ಪ್ರಕಟಿಸಲಿಲ್ಲ.